ಕಸ್ತೂರಿ ಬೇಡವೆಂದ ಲೆನ್ಸ್

ಬಬಲೇಶ್ವರದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಕಸ್ತೂರಿಗೆ ಅಸಹ್ಯವನ್ನು ಮುಚ್ಚಿಡಲು ಬರುವುದಿಲ್ಲ. ಎದುರಿಗೆ ನಿಂತವನು ಗುಟ್ಕಾ ಉಗುಳಿ ಅದೇ ಬಾಯಲ್ಲಿ ಮಾತು ಮುಂದುವರಿಸಿದರೆ ಅವಳ ಮೂಗಿನ ಎರಡೂ ಬದಿಗೆ ಗೆರೆ ಬೀಳುತ್ತದೆ. ಮದುವೆಯ ಊಟದಲ್ಲಿ ಹಿಂದಿನ ಪಂಕ್ತಿಯ ಎಂಜಲೆಲೆ ಎತ್ತುವ ಮೊದಲೇ ಬಂದು ಜಾಗ ಹಿಡಿಯುವವರನ್ನು ಕಂಡರೆ ಮೇಲ್ದುಟಿ ತಾನಾಗಿಯೇ ಮಡಚಿಕೊಳ್ಳುತ್ತದೆ. ಜೈನಾಪುರದ ತವರಿನಲ್ಲಿ ಅವಳ ಅವ್ವ, ಈ ಮುಖ ಹೊತ್ತುಕೊಂಡು ಗಂಡನ ಮನೆಯಲ್ಲಿ ಹೇಗೆ ಬಾಳುತ್ತೀ ಎಂದು ಚಿಂತೆ ಮಾಡುತ್ತಿದ್ದಳು. ಗಂಡನ ಮನೆಯಲ್ಲಿ ಅಂಥ ತೊಂದರೆಯೇನೂ ಆಗಲಿಲ್ಲ. ಸಾರವಾಡದ ದಾರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ನಡೆಸುವ ಮುತ್ತು, ಮನೆಗೆ ಬಂದವನು ಮೊದಲು ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡೇ ಹೆಂಡತಿಯನ್ನು ಮಾತಾಡಿಸುವ ರೂಢಿ ಮಾಡಿಕೊಂಡ. ಉಳಿದ ಲೋಕದ ಎದುರು ಅವಳಿಗೆ ಕ್ಯಾಮೆರಾ ಇತ್ತು. ಅದನ್ನು ಕಣ್ಣಿಗೆ ಹಿಡಿದರೆ ಅರ್ಧ ಮುಖ ಮುಚ್ಚಿಹೋಗುತ್ತದೆ. ಉಳಿದರ್ಧವನ್ನು ಯಾರೂ ಗಮನಿಸುವುದಿಲ್ಲ.

ಸ್ಟುಡಿಯೋ ಮೊದಲು ಬೇರೆಯವರದಿತ್ತು. ಅಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ, ಕಂಪ್ಯೂಟರಿನಲ್ಲಿ ಸತ್ತವರ ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಸೇರಿದ್ದಳು. ಮಾಲೀಕರು ಅಂಗಡಿ ಬಿಡುವಾಗ ಕ್ಯಾಮೆರಾ, ಎರಡು ಲೆನ್ಸು, ಒಂದು ಹಳೆಯ ಫ್ಲ್ಯಾಶು ಎಲ್ಲವನ್ನೂ ಅವಳಿಗೇ ವಹಿಸಿದರು. ಹೆಣ್ಣುಮಗಳು ಫೋಟೋ ತೆಗೆಯುತ್ತಾಳೆಂಬುದು ಸುತ್ತಲ ಊರುಗಳಿಗೆ ಬೇಗ ಗೊತ್ತಾಯಿತು. ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಮದುಮಕ್ಕಳಿಗೆ ನೀರೆರೆಯುವ ಸುರಗಿ, ಅರಿಷಿಣ ಹಚ್ಚುವುದು, ಹೀಗೆ ಹೆಂಗಸರೇ ಸೇರುವ ಕಾರ್ಯಗಳಿಗೆ ಅವಳನ್ನೇ ಕರೆಯತೊಡಗಿದರು. ಅವಳು ಹತ್ತಿರ ಹೋದರೆ ಯಾರೂ ಸೆರಗು ಎಳೆದುಕೊಳ್ಳುತ್ತಿರಲಿಲ್ಲ. ನಗುವವರು ನಗುತ್ತಲೇ ಇರುತ್ತಿದ್ದರು, ಅಳುವವರು ಅಳುತ್ತಲೇ ಇರುತ್ತಿದ್ದರು.

ತೊಂದರೆ ಇದ್ದದ್ದು ಲೆನ್ಸಿನದು. ಎರಡರಲ್ಲಿ ಒಂದು ಹತ್ತಿರದ್ದಕ್ಕೆ, ಇನ್ನೊಂದು ದೂರದ್ದಕ್ಕೆ. ಅಂಗಳ ಪೂರ್ತಿ ಬೇಕೆಂದರೆ ಮೊದಲನೆಯದು, ಅಂಗಳದಾಚೆ ಕಣ್ಣೊರೆಸಿಕೊಳ್ಳುವ ಅಜ್ಜಿ ಬೇಕೆಂದರೆ ಎರಡನೆಯದು. ಒಂದನ್ನು ತಿರುವಿ ಬಿಚ್ಚಿ ಇನ್ನೊಂದನ್ನು ಕೂಡಿಸುವಷ್ಟರಲ್ಲಿ ಅಜ್ಜಿ ಕಣ್ಣೊರೆಸಿಕೊಂಡು ಒಳಗೆ ಹೋಗಿರುತ್ತಿದ್ದಳು. ಸಾರವಾಡದ ಒಂದು ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೇ ಕಸ್ತೂರಿ ಲೆನ್ಸ್ ಬದಲಿಸುತ್ತಿದ್ದಳು. ಇನ್ನೊಮ್ಮೆ ಹೇಳಿಸಿ ತೆಗೆದರೆ ಅತ್ತೆ ಕೂಸನ್ನು ಬಿಟ್ಟು ಕ್ಯಾಮೆರಾ ನೋಡಿ ಹಲ್ಲು ಕಿರಿದಿದ್ದಳು. ಸಾಲದ್ದಕ್ಕೆ, ಬಿಚ್ಚಿದ ಕ್ಯಾಮೆರಾದೊಳಗೆ ಅರಿಷಿಣದ ಪುಡಿ ಹೋಗಿ ಕೂತಿತ್ತು. ಕೂಸಿನ ಗಲ್ಲದ ಮೇಲೆ, ಅತ್ತೆಯ ಹಣೆಯ ಮೇಲೆ, ಗೋಡೆಯ ಮೇಲೆ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಬೂದು ಚುಕ್ಕೆ. ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಚುಕ್ಕೆ ಅಳಿಸುವಾಗ ಅವಳಿಗೆ ಯಾರದೋ ಉಗುಳು ಒರೆಸುತ್ತಿದ್ದಂತೆ ಅನಿಸಿತು. ಹತ್ತಿರಕ್ಕೂ ದೂರಕ್ಕೂ ಆಗುವ ಒಂದೇ ಲೆನ್ಸ್ ಕೊಳ್ಳಬೇಕು, ಕೂಡಿಸಿದರೆ ಮತ್ತೆ ಬಿಚ್ಚುವ ಪ್ರಸಂಗವೇ ಬರಬಾರದು ಎಂದು ಆವತ್ತು ನಿರ್ಧರಿಸಿದಳು.

ಇಂಥದ್ದನ್ನು ಕೇಳಲು ಅವಳಿಗಿದ್ದ ಹಿರಿಯರೆಂದರೆ ತಿಕೋಟಾದ ಫೋಟೋಗ್ರಾಫರ್ ಚಂದ್ರಕಾಂತ. ಆ ಭಾಗದ ದೊಡ್ಡ ಮದುವೆಗಳೆಲ್ಲ ಅವನವೇ. ಬಿಳಿ ಅಂಗಿ, ಮೃದು ಮಾತು, ಹಿರಿಯರ ಕಾಲಿಗೆ ಬಿದ್ದೇ ಕೆಲಸ ಶುರು ಮಾಡುವವನು. ಕಸ್ತೂರಿ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು. ಹೊಸ ನಮೂನೆಯ ಕ್ಯಾಮೆರಾ ಕೊಂಡಿದ್ದ ಅವನ ಬಳಿ ಹಳೆಯ ಕ್ಯಾಮೆರಾದ ಲೆನ್ಸೊಂದು ಉಳಿದಿತ್ತು. ಹದಿನೆಂಟು ಮಿಲಿಮೀಟರಿನಿಂದ ಮುನ್ನೂರರವರೆಗೆ ಹೋಗುವಂಥದ್ದು, ಅವಳ ಕ್ಯಾಮೆರಾಕ್ಕೆ ಕೂಡುವಂಥದ್ದು. ಹದಿನೆಂಟಕ್ಕೆ ಇಟ್ಟರೆ ಮದುವೆಯ ಹಂದರವೆಲ್ಲ ಒಳಗೆ ಬರುತ್ತದೆ, ಮುನ್ನೂರಕ್ಕೆ ತಿರುಗಿಸಿದರೆ ಹಂದರದ ತುದಿಯಲ್ಲಿ ಕೂತವರ ಕಿವಿಯೋಲೆ ಮಾತ್ರ ಕಾಣುತ್ತದೆ. ಅದನ್ನು ಕಸ್ತೂರಿಗೇ ಕೊಡುತ್ತೇನೆಂದು ಅವನು ಹೇಳಿದ. ಸುಮ್ಮನೆ ಕೊಳ್ಳಬೇಡ, ತಿಕೋಟಾದಲ್ಲಿ ದ್ರಾಕ್ಷಿ ತೋಟದವರ ಮನೆಯ ಮದುವೆ ಹಿಡಿದಿದ್ದೇನೆ, ಹೆಂಗಸರ ಕಡೆಯದನ್ನು ನೀನು ತೆಗೆ, ಅಲ್ಲೇ ಲೆನ್ಸ್ ಪರೀಕ್ಷೆ ಮಾಡಿ ನೋಡು ಎಂದ. ಅದು ನ್ಯಾಯದ ಮಾತಾಗಿ ಕಂಡು ಅವಳು ಒಪ್ಪಿದಳು.

ಮದುಮಗಳು ಶೈಲಶ್ರೀ. ತಂದೆ ಇಲ್ಲದ ಹುಡುಗಿ. ಮದುವೆಯ ಯಜಮಾನಿಕೆ ತಂದೆಯ ತಮ್ಮ, ಅವಳ ಕಾಕಾ ಗುರಣ್ಣನದು. ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ಮನೆಯ ಹಿರಿಯಳು ಗುರಣ್ಣನ ತಾಯಿ ಸಕ್ರವ್ವ. ಹಂದರದ ಪೂಜೆ ಹಿಂದಿನ ದಿನವೇ ಮುಗಿದಿತ್ತು. ಅದನ್ನು ಚಂದ್ರಕಾಂತ ಒಬ್ಬನೇ ತೆಗೆದಿದ್ದ. ಕಸ್ತೂರಿ ಬಂದದ್ದು ಸುರಗಿಯ ಬೆಳಿಗ್ಗೆ.

ಹಿತ್ತಲ ಅಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಶೈಲಶ್ರೀಯನ್ನು ಕೂಡಿಸಿದ್ದರು. ಸಕ್ರವ್ವ ಮೊದಲು ನೆತ್ತಿಗೆ ಎಣ್ಣೆಯೊತ್ತಿದಳು. ಆಮೇಲೆ ಅರಿಷಿಣ, ಆಮೇಲೆ ನೀರು. ಲೆನ್ಸ್ ನಿಜಕ್ಕೂ ಚೆನ್ನಾಗಿತ್ತು. ಇಡೀ ಅಂಗಳ ತೆಗೆದು, ಮಣಿಕಟ್ಟನ್ನು ತುಸು ತಿರುಗಿಸಿದರೆ ಸಕ್ರವ್ವನ ಎಣ್ಣೆ ಸುರಿಯುವ ಬೆರಳು ಸಿಗುತ್ತಿತ್ತು. ಇನ್ನೂ ತಿರುಗಿಸಿದರೆ ಒಬ್ಬಳು ಅತ್ತೆ ಹಾಡು ಮರೆತು ಪಕ್ಕದವಳ ಬಾಯಿ ನೋಡುತ್ತಿರುವುದು ಕೂಡ. ಏನೂ ತಪ್ಪುತ್ತಿರಲಿಲ್ಲ. ಕಸ್ತೂರಿಗೆ ಬಹಳ ದಿನಗಳ ಮೇಲೆ ಕೆಲಸ ಮಾಡುತ್ತ ಖುಷಿಯಾಯಿತು.

ನೀರು ಎರಚುವ ಹುಡುಗಿಯರನ್ನು ಹಿಡಿಯಲು ಕ್ಯಾಮೆರಾ ಮೇಲೆತ್ತಿದಾಗ ಹಿಂದಿನ ಮನೆಯ ಮಾಳಿಗೆಯ ಮೇಲೆ, ನೀರಿನ ಕರಿ ಟ್ಯಾಂಕಿನ ಪಕ್ಕ, ಏನೋ ದುಂಡಗೆ ಹೊಳೆಯಿತು. ಮುನ್ನೂರರವರೆಗೆ ತಿರುಗಿಸಿ ನೋಡಿದಳು. ಅದೊಂದು ಲೆನ್ಸಿನ ಬಾಯಿ. ಅದರ ಹಿಂದೆ ಬಿಳಿ ಅಂಗಿಯ ತೋಳು. ಚಂದ್ರಕಾಂತ ಮೊಣಕಾಲೂರಿ ಕೂತಿದ್ದ.

ಮೊದಲು ಅವಳಿಗೆ ಕೆಟ್ಟದ್ದೇನೂ ಹೊಳೆಯಲಿಲ್ಲ. ಮೇಲಿನಿಂದ ಇಡೀ ಮನೆಯ ಚಿತ್ರ ತೆಗೆಯುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಆ ಲೆನ್ಸು ಯಾವ ಕಡೆ ಬಾಗಿದೆ ಎಂದು ನೋಡಿದಳು. ಅಂಗಳದ ಮೂಲೆಯಲ್ಲಿ ನಾಲ್ಕು ಹೆಂಗಸರು ಸೀರೆಯನ್ನು ಅಡ್ಡ ಹಿಡಿದು ಮರೆ ಮಾಡಿದ್ದರು. ಅದರ ಹಿಂದೆ ಶೈಲಶ್ರೀ ಒದ್ದೆ ಸೀರೆ ಬಿಚ್ಚಿ ಒಣಗಿದ್ದು ಉಡುತ್ತಿದ್ದಳು. ಮರೆ ನಾಲ್ಕು ಕಡೆಗಿತ್ತು. ಮೇಲೆ ಆಕಾಶ ಮಾತ್ರ ಇತ್ತು, ಮತ್ತು ಆ ಮಾಳಿಗೆ.

ಕೂಗಿದರೆ ಮದುಮಗಳು ನಾಚಿ ಸತ್ತುಹೋಗುತ್ತಾಳೆ ಎಂಬುದಷ್ಟೇ ಅವಳ ತಲೆಗೆ ಬಂತು. ಬಿಸಿಲು ಜಾಸ್ತಿಯಾಯಿತೆಂದು ಹೇಳಿ, ಜಮಖಾನೆಯೊಂದನ್ನು ತರಿಸಿ, ಮರೆಯ ಮೇಲೆ ಚಪ್ಪರದಂತೆ ಹಿಡಿಯಲು ಇಬ್ಬರನ್ನು ನಿಲ್ಲಿಸಿದಳು. ಆಮೇಲೆ ಹಿಂದಿನ ಮನೆಯ ಮೆಟ್ಟಿಲು ಹತ್ತಿದಳು.

ಚಂದ್ರಕಾಂತ ಗಾಬರಿಯಾಗಲಿಲ್ಲ. ಲೆನ್ಸ್ ಹೇಗನಿಸಿತು ಎಂದು ಅವನೇ ಮೊದಲು ವಿಚಾರಿಸಿದ. ಏನು ತೆಗೆಯುತ್ತಿದ್ದೀರಿ ಎಂದು ಅವಳು ಕೇಳಿದಾಗ ನಕ್ಕ.

"ಕ್ಯಾಂಡಿಡ್ ಅಂತಾರ ಇದಕ್ಕ. ಅವರಿಗೆ ಗೊತ್ತಿಲ್ಲದಾಗ ತಗದ್ರನ ಖರೇ ಫೋಟೋ ಬರ್ತಾವ. ಇಲ್ನೋಡು, ಇಷ್ಟು ದೂರದಿಂದ ಬೆನ್ನ ಮ್ಯಾಲಿನ ನೀರಿನ ಹನಿ ಸೈತ ಕಾಣ್ತಾವ."

ಅವನು ಪರದೆಯನ್ನು ಅವಳ ಮುಂದೆ ಹಿಡಿದ. ಹನಿಗಳು ಕಾಣುತ್ತಿದ್ದವು. ಒಂದು ಕ್ಷಣ ಕಸ್ತೂರಿಯ ಕಣ್ಣು ತನ್ನ ಕಸುಬಿನ ಚಾಳಿಯಂತೆ ಚಿತ್ರ ಎಷ್ಟು ಚೊಕ್ಕ ಬಂದಿದೆ ಎಂದು ಅಳೆಯಿತು. ಅದು ತಿಳಿದ ಕೂಡಲೇ ಅವಳಿಗೆ ತನ್ನ ಕಣ್ಣಿನ ಮೇಲೇ ಹೇಸಿಗೆ ಬಂತು.  ಇಷ್ಟು ವರ್ಷ ಕಾಕಾ ಎಂದು ಕರೆದ ಬಾಯಿಯನ್ನು ತೊಳೆದುಕೊಳ್ಳಬೇಕು ಅನಿಸಿತು.

ಅವಳು ನೆಟ್ಟಗೆ ಗುರಣ್ಣನ ಹತ್ತಿರ ಹೋದಳು. ಪಕ್ಕಕ್ಕೆ ಕರೆದು ಕಡಿಮೆ ಮಾತಿನಲ್ಲಿ ವಿಷಯ ಹೇಳಿದಳು. ಗುರಣ್ಣನ ಮುಖ ಗಂಭೀರವಾಯಿತು. ಮದುವೆ ಮನೆಯಲ್ಲಿ ಗದ್ದಲ ಬೇಡ, ಅಳಿಸಿಬಿಟ್ಟರಾಯಿತು, ನಾನು ನೋಡಿಕೊಳ್ಳುತ್ತೇನೆ ಎಂದು ಚಂದ್ರಕಾಂತನನ್ನು ಹೊರಗಿನ ಖೋಲಿಗೆ ಕರೆಸಿದ. ಯಾರು ಹೇಳಿದರೋ, ನೆಂಟರ ಪೈಕಿ ಇನ್ನೂ ಮೂವರು ಒಳಗೆ ಬಂದರು. ಅವರಲ್ಲಿ ಯಾರಾದರೂ ಅವನ ಕಪಾಳಕ್ಕೆ ಒಂದು ಕೊಡಬಹುದು ಎಂದು ಕಸ್ತೂರಿ ಬಾಗಿಲಲ್ಲಿ ನಿಂತಳು.

ಯಾರೂ ಕೈ ಎತ್ತಲಿಲ್ಲ. ಪೂಜೆಯ ಫೋಟೋ ಕೂಡ ಅದರಲ್ಲೇ ಇದೆ, ಒಂದೊಂದಾಗಿ ನೋಡಿ ಬೇಡವಾದದ್ದನ್ನಷ್ಟೇ ಅಳಿಸೋಣ ಎಂದು ಚಂದ್ರಕಾಂತ ಹೇಳಿದ. ಅದು ಎಲ್ಲರಿಗೂ ಸರಿಯೆನಿಸಿತು. ಮಂಚದ ಮೇಲೆ ಕ್ಯಾಮೆರಾ ಇಟ್ಟು ಅದರ ಮೇಲೆ ಐದು ತಲೆಗಳು ಬಗ್ಗಿದವು. ಒಂದು ಚಿತ್ರ ಬರುತ್ತಿತ್ತು, ನಿಲ್ಲುತ್ತಿತ್ತು, ಅಳಿಯುತ್ತಿತ್ತು. ಪ್ರತಿ ಸಲ ನಿಲ್ಲುವ ಹೊತ್ತು ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು. ಅವರಲ್ಲೊಬ್ಬ ಬಾಯಲ್ಲಿ ಗುಟ್ಕಾ ತುಂಬಿಕೊಂಡು ಉಗುಳುವುದನ್ನು ಮರೆತಿದ್ದ. ಇನ್ನೊಬ್ಬ, ಇದು ಯಾರು, ಗುರುತು ಹತ್ತವಲ್ಲದು ಎಂದು ಗುಂಡಿ ಒತ್ತಿ ಚಿತ್ರ ದೊಡ್ಡದು ಮಾಡಿದ. ಗುರಣ್ಣ ಅಳಿಸು ಎಂದು ಹೇಳಲಿಲ್ಲ. ತನ್ನ ಅಣ್ಣನ ಮಗಳ ಚಿತ್ರದ ಮೇಲೆ ಕಣ್ಣು ನೆಟ್ಟು ಕನ್ನಡಕ ಸರಿಪಡಿಸಿಕೊಂಡ.

ಕಸ್ತೂರಿಯ ಕ್ಯಾಮೆರಾ ಆಗ ಮುಖದ ಮುಂದಿರಲಿಲ್ಲ, ಹೆಗಲಿಗೆ ತೂಗುತ್ತಿತ್ತು. ಅವಳ ಮುಖ ಹೇಗಿತ್ತೋ, ತಲೆಯೆತ್ತಿದ ಗುಟ್ಕಾದವನು ಹಿಂದೆ ಸರಿದ. ಅವಳು ಒಳಗೆ ಹೋಗಿ ಮಂಚದ ಮೇಲಿಂದ ಕ್ಯಾಮೆರಾ ಎತ್ತಿಕೊಂಡಳು, ಇಡೀ ಮೆಮೊರಿ ಕಾರ್ಡನ್ನು ಒಮ್ಮೆಲೇ ಖಾಲಿ ಮಾಡುವ ಗುಂಡಿ ಹುಡುಕಿ ಒತ್ತಿದಳು, ಕ್ಯಾಮೆರಾವನ್ನು ಅಲ್ಲೇ ಇಟ್ಟಳು.

ಗುರಣ್ಣನಿಗೆ ಸಿಟ್ಟು ಬಂದದ್ದು ಆಗ.

"ಹಂದರದ ಪೂಜೀದ್ದೂ ಹೋತಲ್ಲ. ಸ್ವಾಮಿಗೋಳ ಕೂಡ ತಗಿಸಿದ್ದು ಹೋತು. ಯಾರನ್ನ ಕೇಳಿ ಮಾಡಿದಿ ನೀ?"

  ಕಸ್ತೂರಿ ತನ್ನ ಕ್ಯಾಮೆರಾದಿಂದ ಚಂದ್ರಕಾಂತನ ಲೆನ್ಸ್ ಬಿಚ್ಚಿ ಮಂಚದ ಮೇಲಿಟ್ಟು, ಸುರಗಿಯ ಚಿತ್ರಗಳಿದ್ದ ತನ್ನ ಕಾರ್ಡನ್ನು ಸಕ್ರವ್ವನ ಕೈಗೆ ಕೊಟ್ಟು ಹೊರಬಿದ್ದಳು. ಮಾರನೆಯ ದಿನದ ಅಕ್ಷತೆಗೆ ಅವಳು ಬರುವುದು ಬೇಡವೆಂದು ಹಿಂದೆಯೇ ಹೇಳಿಕಳಿಸಿದರು. ಚಂದ್ರಕಾಂತನನ್ನು ಬಿಡಿಸಲಿಲ್ಲ, ಅಷ್ಟು ಬೇಗ ಬೇರೆಯವರನ್ನು ಎಲ್ಲಿಂದ ತರುವುದು ಎಂದರು. ಮದುವೆ ಪೂರ್ತಿ ಅವನೇ ತೆಗೆದ. ಮುತ್ತು ಬೈಕಿನಲ್ಲಿ ಬಂದು ಹೆಂಡತಿಯನ್ನು ಕರೆದೊಯ್ದ.  ಮನೆಯಲ್ಲಿ ವಿಷಯ ಕೇಳಿದ ಮೇಲೆ ಅವನು, ಚಂದ್ರಕಾಂತನ ಅಂಗಡಿಗೆ ಹೋಗಿ ಬರಲೇ ಎಂದ. ಹೋಗಿ ಹೊಡೆದರೆ ಶೈಲಶ್ರೀಯ ಹೆಸರು ಸಂತೆಯ ಮಾತಾಗುತ್ತದೆ ಎಂದು ಕಸ್ತೂರಿ ತಡೆದಳು.

ಸುದ್ದಿ ಬೇರೆ ರೂಪದಲ್ಲಿ ಹಬ್ಬಿತು. ಹಿರಿಯರೊಬ್ಬರ ಕಾರ್ಡನ್ನು ಹೊಟ್ಟೆಕಿಚ್ಚಿನಿಂದ ಖಾಲಿ ಮಾಡಿದಳಂತೆ ಎಂದು ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು. ಕೆಳಗೆ ಸಾಲಾಗಿ ಹೆಬ್ಬೆರಳುಗಳು ಬಿದ್ದವು. ಕಸ್ತೂರಿ ಗುಂಪಿನಿಂದ ಹೊರಬಂದಳು. ತಿಕೋಟಾ ಕಡೆಯಿಂದ ಕರೆ ಬರುವುದು ನಿಂತಿತು.

ಲೆನ್ಸಿನ ಅಗತ್ಯವಂತೂ ಹೋಗಿರಲಿಲ್ಲ. ಕುಬಸದ ಹಂಗಾಮು ಶುರುವಾಗುವ ಮೊದಲು ಅವಳು ಮುತ್ತುವಿನ ಜೊತೆ ವಿಜಯಪುರಕ್ಕೆ ಹೋದಳು. ಗಾಂಧಿ ಚೌಕದ ಹತ್ತಿರ ಒಂದು ಗಲ್ಲಿಯೊಳಗೆ ಕ್ಯಾಮೆರಾ ಅಂಗಡಿಯಿತ್ತು. ಅಲ್ಲಿದ್ದವನು ಸತೀಶಕುಮಾರ, ಅಥಣಿ ರಸ್ತೆಯ ಹೊಸ ಬಡಾವಣೆಯ ಹುಡುಗ. ಒಳ್ಳೆಯ ನಡತೆಯವನು. ಬಂದ ಕೂಡಲೇ ಇಬ್ಬರಿಗೂ ನೀರು ಕೊಟ್ಟ. ಒಂದೇ ಲೆನ್ಸಿನಲ್ಲಿ ಎಲ್ಲ ಆಗಬೇಕು ಎಂದು ಅವಳು ಹೇಳುತ್ತಲೇ ಗಾಜಿನ ಮೇಲೆ ಮೂರನ್ನು ಸಾಲಾಗಿ ಇಟ್ಟ. ಮೂರೂ ಹದಿನೆಂಟರಿಂದಲೇ ಶುರು. ಒಂದು ನೂರಾ ನಲವತ್ತಕ್ಕೆ ನಿಲ್ಲುತ್ತದೆ, ಇನ್ನೊಂದು ಇನ್ನೂರಕ್ಕೆ, ಮೂರನೆಯದು ಮುನ್ನೂರಕ್ಕೆ. ಮೂರನೆಯದನ್ನು ಕಂಡ ಕೂಡಲೇ ಅವಳ ಮೂಗಿನ ಬದಿಗೆ ಗೆರೆ ಬಿತ್ತು. ಅದು ಚಂದ್ರಕಾಂತ ಕೊಟ್ಟಿದ್ದಂಥದ್ದೇ.

ಸತೀಶಕುಮಾರನಿಗೆ ಅದನ್ನೇ ಮಾರುವ ಆಸೆಯಿತ್ತು. ಕ್ಯಾಮೆರಾಕ್ಕೆ ಕೂಡಿಸಿ ಬಾಗಿಲಿಗೆ ಹೋದ. ಗಲ್ಲಿಯ ಆಚೆ, ಮುಖ್ಯ ರಸ್ತೆಯಲ್ಲಿ, ಒಬ್ಬ ಹೆಂಗಸು ಗಾಡಿಯ ಮುಂದೆ ನಿಂತು ದಾಳಿಂಬೆ ಆರಿಸುತ್ತಿದ್ದಳು. ಅವನು ಲೆನ್ಸನ್ನು ಪೂರ್ತಿ ಚಾಚಿ ಒಂದು ಚಿತ್ರ ತೆಗೆದು ಕಸ್ತೂರಿಯ ಮುಂದೆ ಹಿಡಿದ. ಹೆಂಗಸಿನ ಕುತ್ತಿಗೆ, ಬೆವರು, ಜಾರಿದ ಸೆರಗು ಪರದೆಯ ತುಂಬ ಇದ್ದವು.

"ನೋಡ್ರಿ ಮೇಡಂ, ಎಷ್ಟು ಹತ್ರ ಬಂತು. ಆಕಿಗೆ ಗೊತ್ತ ಆಗಿಲ್ರಿ."

ಕಸ್ತೂರಿ ಒಂದು ಹೆಜ್ಜೆ ಹಿಂದೆ ಹೋದಳು. ಆಕೆಗೆ ಗೊತ್ತಾಗದ ಹಾಗೆ ತೆಗೆಯಬೇಕೆಂದು ನಾನು ಕೇಳಿದೆನೇ ಎಂದು ತಣ್ಣಗೆ ಕೇಳಿದಳು. ಹುಡುಗ ಗಲಿಬಿಲಿಗೊಂಡ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಅದೇ ಅವಳಿಗೆ ಇನ್ನೂ ಅಸಹ್ಯವೆನಿಸಿತು.

"ಎಲ್ಲಾ ಗಿರಾಕಿನೂ ಅದನ್ನ ಕೇಳ್ತಾರ್ರಿ. ಅದಕ್ಕ ಹಂಗ ತೋರಸೂದು ರೂಢಿ ಆಗೇತ್ರಿ."

ಆ ಚಿತ್ರ ಅಳಿಸು ಎಂದಳು. ಅಳಿಸಿದ. ಆಮೇಲೆ ಅವಳೇ ಕ್ಯಾಮೆರಾ ಇಸಿದುಕೊಂಡು ಅಂಗಡಿಯ ಹಿಂಭಾಗದ ಕತ್ತಲೆಗೆ ಹೋದಳು. ಮದುವೆ ಮನೆಯ ಒಳಕೋಣೆಗಳು ಅಷ್ಟೇ ಕತ್ತಲೆಯಿರುತ್ತವೆ. ಗೋಡೆಯ ಕ್ಯಾಲೆಂಡರನ್ನು ಮೂರೂ ಲೆನ್ಸಿನಲ್ಲಿ ತೆಗೆದಳು. ಮುನ್ನೂರರದು ತುದಿಗೆ ಹೋದಂತೆ ಬೆಳಕು ಕಡಿಮೆ ಒಳಗೆ ಬಿಡುತ್ತಿತ್ತು, ಕೈ ನಡುಗಿದ್ದು ಚಿತ್ರದಲ್ಲಿ ಕಾಣುತ್ತಿತ್ತು. ಕೊರಳಿಗೆ ಹಾಕಿಕೊಂಡು ಬಗ್ಗಿದರೆ ತನ್ನ ಭಾರಕ್ಕೆ ತಾನೇ ಜಾರಿ ಉದ್ದವಾಗುತ್ತಿತ್ತು. ಇನ್ನೂರರದು ಕ್ಯಾಲೆಂಡರಿನ ಅಂಚಿನ ಗೆರೆಗಳನ್ನು ಬಾಗಿಸುತ್ತಿತ್ತು. ನೂರಾ ನಲವತ್ತರದು ಹಗುರ, ಅಕ್ಷರಗಳೂ ಮೂಲೆಯ ತನಕ ಚೊಕ್ಕವಾಗಿದ್ದವು. ಮುತ್ತು ಮಾತ್ರ, ಕೊಳ್ಳುವುದು ಕೊಳ್ಳುತ್ತೀ, ದೊಡ್ಡದನ್ನೇ ಕೊಂಡರೆ ಕ್ರಿಕೆಟ್ ಪಂದ್ಯದ ಕೆಲಸಕ್ಕೂ ಆಗುತ್ತದಲ್ಲ ಎಂದ. ಅದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಮುನ್ನೂರರಲ್ಲಿ ಆವತ್ತು ತಾನು ಹಿಡಿದ ಸಕ್ರವ್ವನ ಬೆರಳುಗಳು ಇನ್ನೂ ಕಣ್ಣ ಮುಂದಿದ್ದವು. ಆದರೂ ಆ ಉದ್ದನೆಯ ಕೊಳವೆಯನ್ನು ಮುಟ್ಟಿದರೆ ಯಾರದೋ ಬೆವರಿದ ಕೈ ಮುಟ್ಟಿದಂತಾಗುತ್ತಿತ್ತು. ಲೆನ್ಸಿನ ತಪ್ಪಲ್ಲ ಎಂದು ಬುದ್ಧಿ ಹೇಳಿದರೂ ಬೆರಳು ಕೇಳಲಿಲ್ಲ. ನಾನು ಫೋಟೋ ತೆಗೆಯುವವರು ಅಂಗಳದಾಚೆಗಿಂತ ದೂರ ಇರುವುದಿಲ್ಲ, ಇದು ಸಾಕು ಎಂದು ನೂರಾ ನಲವತ್ತರದನ್ನೇ ಆರಿಸಿದಳು.

ಬಿಲ್ ಬರೆಯುವಾಗ ಸತೀಶಕುಮಾರ ಅವಳನ್ನು ಒಲಿಸಿಕೊಳ್ಳಲೆಂದೋ ಏನೋ ಹೊಸ ಕ್ಯಾಮೆರಾವೊಂದನ್ನು ತೋರಿಸಿದ. ಅದು ಚಂದ್ರಕಾಂತನ ಬಳಿಯಿದ್ದಂಥದ್ದೇ. ಪಕ್ಕದ ಮುಚ್ಚಳ ತೆರೆದು, ಇದರಲ್ಲಿ ಎರಡು ಕಾರ್ಡು ಕೂಡುತ್ತವೆ, ಬೇಕೆಂದರೆ ಒಂದರಲ್ಲಿ ಬಿದ್ದದ್ದು ಎರಡನೆಯದರಲ್ಲೂ ಬೀಳುತ್ತದೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂದ. ಕಸ್ತೂರಿ ಆ ಎರಡು ಸೀಳುಗಳನ್ನು ನೋಡುತ್ತ ನಿಂತಳು. ತಾನು ಆವತ್ತು ಖಾಲಿ ಮಾಡಿದ್ದು ಒಂದನ್ನೇ.

ಅಂಗಡಿಯ ಹೊರಗಿನಿಂದಲೇ ಚಂದ್ರಕಾಂತನಿಗೆ ಫೋನ್ ಮಾಡಿದಳು. ಎರಡನೆಯದರಲ್ಲಿ ಕಾರ್ಡೇ ಇರಲಿಲ್ಲ ಎಂದು ಅವನು ಹೇಳಿ, ಆರೋಗ್ಯ ವಿಚಾರಿಸಿ, ಫೋನಿಟ್ಟ. ನಂಬುವುದಕ್ಕೂ ಆಗಲಿಲ್ಲ, ಸುಳ್ಳೆನ್ನುವುದಕ್ಕೂ ಆಧಾರವಿರಲಿಲ್ಲ. ಹೊಸ ಲೆನ್ಸಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವಳು ಬಬಲೇಶ್ವರಕ್ಕೆ ಮರಳಿದಳು.

ಮುಂದಿನ ವರ್ಷ ಶೈಲಶ್ರೀ ಬಸುರಿಯಾಗಿ ತವರಿಗೆ ಬಂದಳು. ಕುಬಸಕ್ಕೆ ಕಸ್ತೂರಿಯೇ ಬೇಕೆಂದು ಹಟ ಹಿಡಿದಳಂತೆ. ಹೋಗಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೋದಳು. ಗುರಣ್ಣ ಬಾಗಿಲಲ್ಲೇ ನಿಂತು, ಬಾರವ್ವ ತಂಗಿ, ಆರಾಮ ಅದಿಯೇನು ಎಂದು ಏನೂ ನಡೆದೇ ಇಲ್ಲವೆಂಬಂತೆ ಕರೆದ. ಅವಳು ಆ ಮನೆಯಲ್ಲಿ ನೀರು ಕೂಡ ಮುಟ್ಟಲಿಲ್ಲ. ಕಾರ್ಯ ಮುಗಿದ ಮೇಲೆ ಸಕ್ರವ್ವ ಪ್ರೀತಿಯಿಂದ ಮದುವೆಯ ಆಲ್ಬಂ ತಂದು ತೊಡೆಯ ಮೇಲಿಟ್ಟಳು. ಮೊದಲ ಪುಟದಲ್ಲೇ ಹಂದರದ ಪೂಜೆ ಇತ್ತು. ಎರಡನೆಯದರಲ್ಲಿ ಸ್ವಾಮಿಗಳ ಪಕ್ಕ ಗುರಣ್ಣ ನಿಂತಿದ್ದ.

ಹೋಯಿತೆಂದು ಅವಳನ್ನು ಬೈದಿದ್ದ ಚಿತ್ರಗಳು ಒಂದೂ ಹೋಗಿರಲಿಲ್ಲ. ಅವು ಸಿಕ್ಕಿದ್ದು ಹೇಗೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕಸ್ತೂರಿ ಮುಂದಿನ ಪುಟ ತಿರುವದೆ ಆಲ್ಬಂ ಮುಚ್ಚಿದ್ದನ್ನು ಶೈಲಶ್ರೀ ನೋಡಿದಳು. ಒಳಗಿನ ಖೋಲಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಸುರಗಿಯ ದಿನ ಏನೋ ಆಯಿತೆಂದು ಅತ್ತೆಯರು ಪಿಸುಗುಟ್ಟುತ್ತಾರೆ, ತನಗೆ ಮಾತ್ರ ಯಾರೂ ಹೇಳುವುದಿಲ್ಲ ಎಂದಳು. ಕಸ್ತೂರಿ ಮಾಳಿಗೆಯಿಂದ ಹಿಡಿದು ಎರಡನೆಯ ಕಾರ್ಡಿನ ತನಕ ಎಲ್ಲವನ್ನೂ ಹೇಳಿದಳು. ಶೈಲಶ್ರೀ ಅಳಲಿಲ್ಲ. ಕೈತುಂಬ ತೊಟ್ಟಿದ್ದ ಹಸಿರು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತ ಕೇಳಿದಳು.

"ನಮ್ಮ ಗುರಣ್ಣ ಕಾಕಾನೂ ನೋಡಿದ್ನೇನಕ್ಕ?"

ಕಸ್ತೂರಿ ಸುಳ್ಳು ಹೇಳಲು ಬಾಯಿ ತೆರೆದಳು. ಆಗಲಿಲ್ಲ.

"ನೋಡಿದ."

ಆ ರಾತ್ರಿ ಶೈಲಶ್ರೀ ಗಂಡನಿಗೂ ಸಕ್ರವ್ವನಿಗೂ ಎಲ್ಲವನ್ನೂ ಹೇಳಿದಳು. ಮಾರನೆಯ ದಿನ ಮೂವರೂ ಚಂದ್ರಕಾಂತನ ಸ್ಟುಡಿಯೋಕ್ಕೆ ಹೋದರು. ಅವರು ಫೋನ್ ಮಾಡಿ ಕರೆದಿದ್ದರಿಂದ ಕಸ್ತೂರಿ ಅಲ್ಲಿಗೆ ನೇರವಾಗಿ ಬಂದು ಸೇರಿದಳು. ಚಂದ್ರಕಾಂತ ಎದ್ದು ನಿಂತು ಸಕ್ರವ್ವನ ಕಾಲಿಗೆ ಬಿದ್ದ. ಮದುವೆಯ ಇನ್ನೂ ಕೆಲವು ಫೋಟೋ ಬೇಕಾಗಿದೆ ಎಂದು ಶೈಲಶ್ರೀಯ ಗಂಡ ಹೇಳಿದ. ಚಂದ್ರಕಾಂತ ಪ್ರಿಂಟರಿನ ಕಡೆ ತಿರುಗಿದಾಗ ಕಸ್ತೂರಿ ಕಂಪ್ಯೂಟರಿನ ಮುಂದೆ ಕೂತಳು. ಅವನ ಫೋಲ್ಡರುಗಳೆಲ್ಲ ಮದುಮಕ್ಕಳ ಹೆಸರಿನಲ್ಲಿದ್ದವು. ಒಂದರ ಹೆಸರು ಮಾತ್ರ ಬೇರೆ: ಲೆನ್ಸ್ ಟೆಸ್ಟ್.

ತೆರೆದಳು. ಸಣ್ಣ ಸಣ್ಣ ಚೌಕಗಳು ಪರದೆಯ ತುಂಬ ತುಂಬಿದವು. ಬಟ್ಟೆ ಒಗೆಯುವ ಹೆಂಗಸರು, ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳುವವರು, ಒಣದ್ರಾಕ್ಷಿ ಶೆಡ್ಡಿನಲ್ಲಿ ಬಗ್ಗಿ ಕೆಲಸ ಮಾಡುವವರು, ಮರೆಯ ಹಿಂದೆ ಸೀರೆ ಬದಲಿಸುವ ಮದುಮಕ್ಕಳು. ಎಲ್ಲ ಮೇಲಿನಿಂದ, ಎಲ್ಲ ದೂರದಿಂದ. ಅವುಗಳಲ್ಲಿ ಒಬ್ಬಳೂ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಶೈಲಶ್ರೀಯೂ ಇದ್ದಳು. ಕಸ್ತೂರಿ ಒಂದನ್ನೂ ದೊಡ್ಡದು ಮಾಡಲಿಲ್ಲ. ಪರದೆಯನ್ನು ತನ್ನ ಸೆರಗಿನಿಂದ ಮುಚ್ಚಿ ಹಿಡಿದಳು.

"ಯಾರೂ ನೋಡಬ್ಯಾಡ್ರಿ, ಯಾರೂ ಅಳಸಬ್ಯಾಡ್ರಿ. ಪೊಲೀಸರನ್ನ ಕರೀರಿ."

ಹೋದ ಸಲ ಅಳಿಸಿ ತಪ್ಪು ಮಾಡಿದ್ದಳು. ಅಳಿಸಿದ್ದರಿಂದ ಅವನ ಪಾಲಿಗೇ ಒಳ್ಳೆಯದಾಗಿತ್ತು.

ಅಷ್ಟರಲ್ಲಿ ಸುದ್ದಿ ತಿಳಿದು ಗುರಣ್ಣ ಬಂದ. ಬಾಗಿಲಲ್ಲೇ ನಿಂತು, ಮನೆತನದ ಮರ್ಯಾದೆ ಬೀದಿಗೆ ತರುತ್ತೀರೇನು, ಬಸುರಿ ಹೆಣ್ಣನ್ನು ಠಾಣೆಗೆ ಅಲೆಸುತ್ತೀರೇನು ಎಂದು ಅಳಿಯನ ಮೇಲೆ ಕೂಗಾಡಿದ. ಸ್ಟೂಲಿನ ಮೇಲೆ ಕೂತಿದ್ದ ಸಕ್ರವ್ವ ತಲೆಯೆತ್ತಿದಳು.

"ಮರ್ಯಾದಿ ನೀವು ಆವತ್ತು ಆ ಖೋಲ್ಯಾಗ ಕುಂತು ನೋಡಿ ಮುಗಿಸೀರಿ. ಈಗ ಉಳಿದದ್ದು ನಮ್ಮದು. ನೀ ಮನಿಗಿ ಹೋಗು."

ಗುರಣ್ಣ ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ರಸ್ತೆಯ ಕಡೆ ಮುಖ ಮಾಡಿ ನಿಂತ. ಠಾಣೆಯಿಂದ ಹೆಣ್ಣು ಪೇದೆಯೊಬ್ಬಳು ಬಂದಳು. ಕಂಪ್ಯೂಟರು, ಕಾರ್ಡುಗಳು, ಆ ಉದ್ದನೆಯ ಲೆನ್ಸುಗಳು ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ಮೊಹರು ಹಾಕಿ ಒಯ್ದಳು. ಆ ಕೆಲಸ ಮುಗಿಯುವ ತನಕ ಚಂದ್ರಕಾಂತ ತನ್ನ ಬಿಳಿ ಅಂಗಿಯ ತೋಳಿನ ಗುಂಡಿ ಹಾಕುವುದು, ಬಿಚ್ಚುವುದು ಮಾಡುತ್ತಿದ್ದ. ಕಸ್ತೂರಿ ಅವನತ್ತ ನೋಡಲಿಲ್ಲ. ನೋಡಿದರೂ ಅವನಿಗೆ ಬೆಲೆ ಕೊಟ್ಟಂತಾಗುತ್ತದೆ ಅನಿಸಿತ್ತು.

ಪ್ರಕರಣ ಇನ್ನೂ ನಡೆಯುತ್ತಿದೆ. ಚಂದ್ರಕಾಂತ ಜಾಮೀನಿನ ಮೇಲೆ ಹೊರಗಿದ್ದಾನೆ. ಸ್ಟುಡಿಯೋ ಮುಚ್ಚಿದೆ. ಅವನ ಚಿತ್ರಗಳಲ್ಲಿದ್ದ ಬೇರೆ ಹೆಂಗಸರ ಪೈಕಿ ಇಬ್ಬರು ಮಾತ್ರ ಹೇಳಿಕೆ ಕೊಟ್ಟರು. ಉಳಿದವರ ಮನೆಯವರು ಅದು ನಮ್ಮವಳಲ್ಲ ಎಂದರು. ಆ ಮಾತು ಕೇಳಿದ ದಿನ ಕಸ್ತೂರಿಗೆ ಊಟ ಸೇರಲಿಲ್ಲ. ಶೈಲಶ್ರೀಗೆ ಹೆಣ್ಣು ಮಗು ಹುಟ್ಟಿತು. ಅದರ ತೊಟ್ಟಿಲಿಗೆ ಕಸ್ತೂರಿ ಹೋದಾಗ ಅತ್ತೆ ಕಿವಿಯಲ್ಲಿ ಹೆಸರು ಹೇಳಿದ್ದು ಮೊದಲ ಸಲಕ್ಕೇ ಸಿಕ್ಕಿತು. ಗುರಣ್ಣ ಆ ದಿನ ಹೊಲದಲ್ಲಿ ಕೆಲಸವಿದೆಯೆಂದು ಬಂದಿರಲಿಲ್ಲ.

ಈಗ ಮದುವೆ ಮನೆಗೆ ಹೋದರೆ ಅವಳು ಮೊದಲು ಚೀಲ ಬಿಚ್ಚುವುದಿಲ್ಲ. ಸುರಗಿಯ ಜಾಗ ಯಾವುದೆಂದು ಕೇಳುತ್ತಾಳೆ. ಆಮೇಲೆ ಅಕ್ಕಪಕ್ಕದ ಮನೆಗಳ ಮಾಳಿಗೆಗಳನ್ನು ಒಂದೊಂದಾಗಿ ಹತ್ತಿ, ಅಲ್ಲಿ ನಿಂತು ಕೆಳಗೆ ನೋಡುತ್ತಾಳೆ. ಇಳಿದು ಬಂದು ಯಾವ ಕಡೆ, ಎಷ್ಟು ಎತ್ತರಕ್ಕೆ ಜಮಖಾನೆ ಕಟ್ಟಬೇಕೆಂದು ಹೇಳುತ್ತಾಳೆ. ಫೋಟೋಕ್ಕೆ ಒಳ್ಳೆಯ ಜಾಗ ಹುಡುಕುತ್ತಿದ್ದಾಳೆಂದು ಮನೆಯವರು ತಿಳಿಯುತ್ತಾರೆ. ಯಾರಾದರೂ ವಿಚಾರಿಸಿದರೆ ಹೌದು ಎನ್ನುತ್ತಾಳೆ, ಹಗ್ಗದ ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡುತ್ತಾಳೆ.